ಸೊಪ್ಪು ಅರೆಯುವ ಭುಜ

ಶಿಕಾರಿಪುರದಲ್ಲಿ ಶ್ರೀರಂಜಿನಿ ಮೇಡಂ ಮಸಾಜ್ ಮಾಡುವ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಒಳಗಿಂದ ಬಂದ ಹೆಂಗಸೊಬ್ಬರು ಚಪ್ಪಲಿ ಹುಡುಕುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದಾಕೆ ಅವರ ಗುರುತು ಹಿಡಿದರು.

“ನೀವು ಕುಪ್ಪಗಡ್ಡೆ ನಾಗಪತಿಯವರ ಸೊಸೆ ಅಲ್ವೇನ್ರೀ?”

“ಹೌದು. ಸ್ವಲ್ಪ ಮೆಲ್ಲಗೆ ಮಾತಾಡಿ.”

“ಉಳುಕು ತೆಗೆಸೋಕೆ ಊರೆಲ್ಲ ನಿಮ್ಮನೆಗೆ ಬರುತ್ತೆ. ನೀವು ಇಲ್ಲಿ?”

“ಊರ ಸೊಸೆಯಂದಿರನ್ನೆಲ್ಲ ನೋಡ್ತಾರೆ. ಮನೆ ಸೊಸೆ ಮೈ ಮಾವ ಮುಟ್ಟೋ ಹಾಗಿಲ್ಲವಲ್ಲ.”

“ಅದೂ ಸರಿ. ಏನು ನೋವು?”

“ಬಲಗಡೆ ಭುಜ. ಈ ಮೇಡಂ ಭುಜ ಮುಟ್ಟೋಕೆ ಮೊದಲು ಸೊಂಟ, ಪಕ್ಕೆ ಎಲ್ಲ ಒತ್ತಿ ನೋಡಿದ್ರು. ಆಸ್ಟಿಯೋಪಥಿ ಅನ್ನೋ ಚಿಕಿತ್ಸೆ ಅಂತೆ, ಇಡೀ ಮೈ ನೋಡ್ಬೇಕಂತೆ. ಆಮೇಲೆ, ದಿನಾ ನೆಲದ ಮೇಲೆ ಕೂತು ಬಗ್ಗಿ ಏನು ಕೆಲಸ ಮಾಡ್ತೀರಿ ಅಂತ ಕೇಳಿದ್ರು.”

“ಏನಂದ್ರಿ?”

“ಬಟ್ಟೆ ಒಗೀತೀನಿ ಅಂದೆ.”

“ನಿಮ್ಮನೇಲಿ ಮಷಿನ್ ಇಲ್ವಾ?”

“ಇದೆ. ಉಳುಕಿಗೆ ಕಟ್ಟೋ ಸೊಪ್ಪು ಅರೆದು ಅರೆದು ಹೀಗಾಯ್ತು ಅಂತ ಹೇಗೆ ಹೇಳಲಿ? ಮಾವನ ಹೆಸರು ಹೋಗುತ್ತೆ.”

“ಮಿಕ್ಸಿಗೆ ಹಾಕ್ರೀ.”

“ಸೊಪ್ಪಿನ ಗುಣ ಹೋಗುತ್ತಂತೆ.”

“ಮೇಡಂ ಏನಂದ್ರು?”

“ಆ ಕೆಲಸ ಬಿಟ್ಟರೆ ಮಾತ್ರ ವಾಸಿಯಾಗೋದು ಅಂದ್ರು.”

ಪಕ್ಕದಾಕೆ ಅವರ ಹತ್ತಿರಕ್ಕೆ ಸರಿದರು.

“ಅಲ್ಲ, ನಮ್ಮತ್ತೆಗೆ ಕಾಲು ಉಳುಕಿದೆ. ನಾಳೆ ನಿಮ್ಮನೆಗೆ ಕರ್ಕೊಂಡು ಬರ್ಬೇಕು ಅಂತಿದ್ದೆ. ನಿಮ್ಮ ಮಾವ ಮನೇಲಿರ್ತಾರಾ?”

ನಾಗಪತಿಯವರ ಸೊಸೆಗೆ ಚಪ್ಪಲಿ ಸಿಕ್ಕಿತ್ತು. ಬಲಗೈ ಎತ್ತಲಾಗದೆ ಎಡಗೈಯಲ್ಲೇ ಸೆರಗು ಹೊದ್ದುಕೊಂಡರು.

“ಇರ್ತಾರೆ, ಬನ್ನಿ. ಅರೆಯೋಕೆ ನಾನೂ ಇರ್ತೀನಿ.”

ಸೊರಬದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದರು.