ಮೂವತ್ತೈದು ಜಿಲ್ಲೆಗಳ ಚೀಟಿ

ಗುರುವಾರ, ಮಾರಾಯ್ತಿ, ಗುರುವಾರ. ಜುಲೈ ಮೂವತ್ತೊಂದು. ಅವತ್ತಿನಿಂದ ನಾನು ಪೇಪರ್ ಬಿಡಿಸಿಲ್ಲ, ಅಷ್ಟೇ ವಿಷಯ. ಎಂದಿನಂತೆ ಬೆಳಿಗ್ಗೆ ಠಾಣೆಯ ಲೋಕಲ್ ರೈಲು ಹಿಡಿಯಲು ಹೊರಟಿದ್ದೆ. ನನ್ನ ಹೆಂಡತಿ, ಜಯಲತಾ, ಇದೇ ಕಿಟಕಿಯ ಹತ್ತಿರ ಕತ್ತರಿ ಹಿಡಿದು ಕೂತಿದ್ದಳು. 'ಬರುವಾಗ ಗಮ್ ಬಾಟಲಿ ತನ್ನಿ, ಮುಗಿದಿದೆ' ಅಂದಳು. ಶಾಲೆ ಬಿಟ್ಟ ಮೇಲೆ ತಂದೆ, ಮರೆಯಲಿಲ್ಲ. ಅಷ್ಟರಲ್ಲಿ ಅವಳು... ಊರಿಗೆ ಹೋಗಿದ್ದಳು. ಮೂಲ್ಕಿಗೆ, ಅಕ್ಕನ ಮನೆಗೆ. ಹೌದು, ಇನ್ನೂ ಬಂದಿಲ್ಲ. ಅಕ್ಕನಿಗೆ ಹುಷಾರಿಲ್ಲ.

ನೀನು ಕೂತುಕೋ ದಿಶಾ. ಬಾಗಿಲು ತೆರೆದೇ ಇರಲಿ, ನಿನ್ನ ಅಮ್ಮ ಕೆಳಗೆ ತರಕಾರಿ ಮುಗಿಸಿ ಬರುತ್ತಾರಲ್ಲ. ಹಿಂದಿಯಲ್ಲೇ ಹೇಳು, ಪರವಾಗಿಲ್ಲ. ಭಾನುವಾರ ಕನ್ನಡ ಸಂಘದ ಕ್ವಿಜ್‌ನಲ್ಲಿ, ಮೈಕಿನ ಮುಂದೆ ಮಾತ್ರ ನೀನು ಶುದ್ಧ ಕನ್ನಡದಲ್ಲಿ ಹೇಳಿದ್ದೆ. 'ಮಹಾರಾಷ್ಟ್ರದಲ್ಲಿ ಎಷ್ಟು ಜಿಲ್ಲೆಗಳಿವೆ?' 'ಮೂವತ್ತಾರು ಸರ್.' ನಾನು ಚೀಟಿ ನೋಡಿದೆ, 'ತಪ್ಪು, ಮೂವತ್ತೈದು' ಅಂದೆ. ಐದು ಅಂಕ ಹೋಯಿತು, ಅದರ ಜೊತೆಗೆ ವಾಶಿಯ ಫೈನಲ್ ಕೂಡ ಹೋಯಿತು.

ಯಾಕೆ ನಗುತ್ತೀ? ಇಲ್ಲ, ನಗು. ನಗುವಂಥದ್ದೇ. ಬೇರೆ ಯಾವ ಜಿಲ್ಲೆಯಾದರೂ ಒಡೆದಿದ್ದರೆ ಒಂದು ಮಾತು. ಒಡೆದದ್ದು ನಮ್ಮ ಠಾಣೆಯೇ. ಪಾಲ್ಘರ್ ಬೇರೆಯಾಗಿ ಐದೂವರೆ ತಿಂಗಳಾಗಿದೆ. ಡೊಂಬಿವಲಿಯಲ್ಲಿ ಮನೆ, ಠಾಣೆಯಲ್ಲಿ ನೌಕರಿ, ಇಪ್ಪತ್ತಾರು ವರ್ಷ ಪಾಠ ಹೇಳಿದ ಮೇಷ್ಟ್ರು, ತಾನು ಕೂತ ಜಿಲ್ಲೆ ತುಂಡಾದದ್ದು ಅವನಿಗೇ ಗೊತ್ತಿಲ್ಲ. ಶಾಲೆಯಲ್ಲಿ ಯಾರಾದರೂ ಹೇಳಿರಬಹುದು. ಕಿವಿಗೆ ಬಿದ್ದಿರಬಹುದು. ಒಳಗೆ ಹೋಗಿಲ್ಲ. ಸಂಘದವರು ನನ್ನನ್ನು ವಿಶ್ವಕೋಶ ಅನ್ನುತ್ತಾರೆ, ಕೇಳಿದ್ದೀಯಲ್ಲ? ಕೆಲವು ಸಂಪುಟ ಬೈಂಡಿಂಗಿಗೆ ಹೋಗಿವೆ ಅಂತ ತಿಳಿದುಕೋ.

ನಿನಗೊಂದು ಗುಟ್ಟು ಹೇಳಲಾ? ಆ ವಿಶ್ವಕೋಶ ನಾನಲ್ಲ. ಈ ಡಬ್ಬಿ. ತೆರೆದು ನೋಡು. ಮದುವೆಯ ಹಳೆಯ ಕರೆಯೋಲೆಗಳನ್ನು ನಾಲ್ಕು ತುಂಡು ಮಾಡಿ, ಖಾಲಿ ಬದಿಯಲ್ಲಿ ಒಂದೊಂದು ಪ್ರಶ್ನೆ. ಎಲ್ಲವೂ ಜಯಲತಾ ಬರೆದದ್ದು, ಹದಿನೆಂಟು ವರ್ಷದಿಂದ. ಪೇಪರ್ ಕತ್ತರಿಸುತ್ತಿದ್ದಳು. ಟಿವಿಯಲ್ಲಿ ಕೆಳಗೆ ಓಡುವ ಸಾಲು ಓಡಿಹೋಗುವ ಮೊದಲು ಬರೆದುಕೊಳ್ಳುತ್ತಿದ್ದಳು. ಪ್ರಾಣಿ ಪಕ್ಷಿ, ಶಬ್ದಾರ್ಥ, ಫೋಟೋದಲ್ಲಿ ಕಣ್ಣು ಕೆಂಪಾಗುವುದು ಏಕೆ... ನಾನು ಲೋಕಲಿನಲ್ಲಿ ಉತ್ತರ ಬಾಯಿಪಾಠ ಮಾಡಿ, ಕೋಟು ಹಾಕಿಕೊಂಡು ವೇದಿಕೆಯ ಮೇಲೆ ಓದುತ್ತಿದ್ದೆ. ಶಾಲೆಯಲ್ಲಿ ಯಾರಾದರೂ ಗೊತ್ತಿಲ್ಲದ್ದು ಕೇಳಿದರೆ 'ನೀವೇ ಹುಡುಕಿ, ನಾಳೆ ನೋಡೋಣ' ಅನ್ನುವುದು. ಸಂಜೆ ಅವಳನ್ನು ಕೇಳುವುದು. ಎಷ್ಟು ಒಳ್ಳೆಯ ಶಿಕ್ಷಣ ಪದ್ಧತಿ ಅಂತ ಇನ್ಸ್‌ಪೆಕ್ಟರ್ ಬರೆದುಕೊಂಡು ಹೋಗಿದ್ದಾರೆ.

ಅದು ಓದಿದೆಯಾ? 'ಪುಂಡರೀಕಾಕ್ಷ ಎಂದರೆ ಏನು?' ಕಮಲದಂಥ ಕಣ್ಣುಳ್ಳವನು. ಪ್ರತಿ ವರ್ಷ ಅದೊಂದು ಇಡುತ್ತಿದ್ದಳು. ನಾನು ಓದಬೇಕು, ಜನ ಈ ದಪ್ಪ ಕನ್ನಡಕ ನೋಡಿ ನಗಬೇಕು, ಅವಳು ಹಿಂದಿನ ಸಾಲಿನಲ್ಲಿ ಕೂತು ಏನೂ ಗೊತ್ತಿಲ್ಲದವಳ ಹಾಗೆ ಸೆರಗು ಸರಿಮಾಡಿಕೊಳ್ಳಬೇಕು.

ಗೋಡೆಯ ಮೇಲಿರುವುದು ಅವಳೇ. ಐರೋಲಿಗೆ ಫ್ಲೆಮಿಂಗೊ ನೋಡಲು ಹೋದಾಗ ನಾನು ತೆಗೆದದ್ದು. ಹಕ್ಕಿ ಒಂದೂ ಬಿದ್ದಿಲ್ಲ ನೋಡು, ಅವಳೊಬ್ಬಳೇ ಬಿದ್ದಿದ್ದಾಳೆ. 'ಫೋಟೋಗ್ರಫಿ ವಿಭಾಗಕ್ಕೆ ಮಾತ್ರ ನಿಮ್ಮನ್ನು ಕೇಳುವುದಿಲ್ಲ' ಅಂದಿದ್ದಳು.

ಏನು? ಪೇಪರಾ? ಲೋಕನಾಥರು ಹೇಳಿದರಾ, ಸರ್ ಮನೆಯಲ್ಲಿ ಎಲ್ಲ ಉಂಟು ಅಂತ? ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲ.

ನಿಯಮ ಗೊತ್ತು. ಆಕ್ಷೇಪ ಇದ್ದರೆ ಮೂರು ದಿನದೊಳಗೆ, ಅಚ್ಚಾದ ಆಧಾರದ ಸಮೇತ. ಮೊಬೈಲಿನಲ್ಲಿ ತೋರಿಸಿದರೆ ಆಗುವುದಿಲ್ಲ. ಆ ನಿಯಮ ಮಾಡಿಸಿದವಳೂ ಜಯಲತಾನೇ. ಇವತ್ತು ಮಂಗಳವಾರ, ಸಂಜೆ ಆರಕ್ಕೆ ಮುಗಿಯುತ್ತದೆ. ನಾನೇ ಒಂದು ಪತ್ರ ಬರೆದುಕೊಟ್ಟರೆ?... ಸಾಲದು, ಅಲ್ವಾ. ಭಾನುವಾರ ಮೂವತ್ತೈದು ಅಂದವನು ಮಂಗಳವಾರ ಮೂವತ್ತಾರು ಅಂದರೆ ಆ ಇನ್ನೊಂದು ತಂಡದ ಅಪ್ಪ ಅಮ್ಮಂದಿರು ಬಿಡುತ್ತಾರಾ?

ಆ ಪೇಪರ್ ಕಟ್ಟು ಮುಟ್ಟಬೇಡ.

ಇಲ್ಲ, ಗದರಿಸಿದ್ದಲ್ಲ. ಧೂಳು ಉಂಟು ಅಂತ. ಅವಳು ಬಂದು ಕತ್ತರಿಸಲಿ ಅಂತ ಇಟ್ಟಿದ್ದೇನೆ... ಬಂದ ಮೇಲೆ. ನಿಮ್ಮ ಮನೆಯದು? ರದ್ದಿಯವನಿಗೆ ಕೊಟ್ಟಾಯಿತಾ. ಎಲ್ಲರೂ ಕೊಟ್ಟಿರುತ್ತಾರೆ.

ಸರಿ ಹೇಳುತ್ತೇನೆ ಕೇಳು. ಸಭೆಯಲ್ಲಿ ನಿನ್ನ ಉತ್ತರ ಸರಿ ಅಂತ ನನಗೆ ಆಗಲೇ ಅನುಮಾನ ಬಂತು. ಲೋಕನಾಥರು ಕೆಮ್ಮಿದರು. ಇನ್ನೂರು ಜನ, ಒಬ್ಬರೂ ಏಳಲಿಲ್ಲ. ನನ್ನ ವಿದ್ವತ್ತಿಗೆ ಗೌರವ ಅಂದುಕೊಂಡೆ ನಾನು. ಅದೂ ಅಲ್ಲದೆ, ಚೀಟಿ ತಪ್ಪು ಅಂದರೆ ಅವಳು ತಪ್ಪು ಬರೆದಳು ಅಂತ ಆಗುತ್ತದೆ. ಹದಿನೆಂಟು ವರ್ಷದಲ್ಲಿ ಒಂದೂ ತಪ್ಪಿಲ್ಲ. ಅದಕ್ಕೆ... ಅದಕ್ಕೆ ನಿನ್ನ ಐದು ಅಂಕ ತೆಗೆದುಕೊಂಡೆ.

ಅದೇನು ತೋರಿಸುತ್ತೀ? ಅದೇ ಚೀಟಿ, ಹೌದು. ಮೂಲೆಯಲ್ಲಿ? ತಾರೀಕು. ಪ್ರತಿಯೊಂದರಲ್ಲೂ ಹಾಕುತ್ತಿದ್ದಳು. ಕೊಡು ಇಲ್ಲಿ.

ಜುಲೈ ಮೂವತ್ತು.

ಪಾಲ್ಘರ್ ಆದದ್ದು ಆಗಸ್ಟ್ ಒಂದಕ್ಕೆ, ಅಲ್ವಾ? ಹಾಗಾದರೆ ಬರೆದ ದಿನ ಇದು ಸರಿಯೇ ಇತ್ತು. ನೋಡು, ಸರಿಯೇ ಇತ್ತು. ನೂರು ಸಲ ಓದಿದ್ದೇನೆ, ಮೂಲೆ ನೋಡಿರಲಿಲ್ಲ. ಇಂಥ ಕಮಲದ ಕಣ್ಣು ನನ್ನದು.

ತೆಗೆ ಆ ಕಟ್ಟು. ಬಿಚ್ಚು. ತೀರ ಅಡಿಯದು ಒಂದನೇ ತಾರೀಕಿನದು. ಸುದ್ದಿ ಮರುದಿನ ಬಂದಿರುತ್ತದೆ, ಅಡಿಯಿಂದ ಎರಡನೆಯದು ನೋಡು. ಕತ್ತರಿ ಅಗೋ ಅಲ್ಲಿ. ಗಮ್ ಕಿಟಕಿಯ ಮೇಲೆ ಉಂಟು, ಸೀಲ್ ತೆಗೆದಿಲ್ಲ, ನೀನೇ ತೆಗೆ. ನನ್ನ ಕೈಗೆ ಬೇಡ, ನೀನೇ ಬಿಡಿಸು. ನಾನು ಅಷ್ಟರಲ್ಲಿ ಲೋಕನಾಥರಿಗೆ ಪತ್ರ ಬರೆಯುತ್ತೇನೆ. 'ದಿಶಾಳ ಉತ್ತರ ಸರಿ. ತಪ್ಪು ನನ್ನದು, ಚೀಟಿಯದಲ್ಲ.' ಸಾಕಲ್ವಾ?

ಮೂರನೇ ಪುಟದಲ್ಲಿ ಸಿಕ್ಕಿತಾ? ಒಳ್ಳೆಯದು. ಸುತ್ತ ಒಂದು ಬೆರಳು ಬಿಟ್ಟು ಕತ್ತರಿಸು. ಹಾಂ, ಅದಕ್ಕೂ ಮೊದಲು ಮಗುಚಿ ಹಿಂದಿನ ಪುಟ ನೋಡಿಕೋ. ಅವಳು ಯಾವತ್ತೂ ಹಿಂದೆ ನೋಡದೆ ಕತ್ತರಿ ಹಾಕಿದವಳಲ್ಲ. ಒಂದು ಸುದ್ದಿ ಉಳಿಸಲು ಹೋಗಿ ಇನ್ನೊಂದು ಹಾಳಾಗಬಾರದು ಅಂತ...

ದಿಶಾ?

ಯಾಕೆ, ಏನಾಯಿತು? ಕತ್ತರಿ ಯಾಕೆ ಕೆಳಗಿಟ್ಟೆ?

ಗೋಡೆ ನೋಡಬೇಡ. ಹೌದು, ಅದೇ ಫೋಟೋ. ಪೇಪರಿನವರಿಗೆ ನಾನೇ ಕೊಟ್ಟದ್ದು. ನಿಧನದ ಪುಟಕ್ಕೆ ಒಂದು ಒಳ್ಳೆಯ ಫೋಟೋ ಬೇಕು ಅಂದರು, ಬೇರೆ ಇರಲಿಲ್ಲ.

ಮೂಲ್ಕಿಯಲ್ಲಿ ಅಕ್ಕ ಇದ್ದಾರೆ, ಅದು ಸುಳ್ಳಲ್ಲ. ಹುಷಾರಾಗಿಯೇ ಇದ್ದಾರೆ.

ಆ ಇನ್ನೂರು ಜನರೂ ಈ ಪುಟ ಓದಿದ್ದರು, ದಿಶಾ. ಅದಕ್ಕೇ ಯಾರೂ ಏಳಲಿಲ್ಲ. ಓದದವರು ನೀನು, ನಾನು, ಇಬ್ಬರೇ.

ಕತ್ತರಿಸು, ಪರವಾಗಿಲ್ಲ. ಐದೂಕಾಲು ಆಯಿತು, ನೀನು ಕಲ್ಯಾಣ್‌ನ ನಿಮ್ಮ ಮನೆಗೆ ಹೋಗುವ ದಾರಿಯಲ್ಲೇ ಲೋಕನಾಥರ ಮನೆ. ಅವಳ ಹೆಸರು ಸರಿಯಾಗಿ ಹಾಕಿದ್ದಾರಾ? ಊರು? ವಯಸ್ಸು ಎಷ್ಟು ಅಂತ ಉಂಟು?

ಐವತ್ತೆರಡಲ್ಲ. ಐವತ್ತೊಂದು.