ಮೂರು ಸಲ ಮುಂದಕ್ಕೆ ಹಾಕಿದ ಬುಧವಾರ

ಮುಂದಿನ ಸಾಲಿನಲ್ಲಿ ಕುಳಿತಿರುವ ಮೇಡಂ ಅವರ ಯಜಮಾನರಾದ ಡ್ರಾಯಿಂಗ್ ಮೇಷ್ಟ್ರೇ, ಅವರ ಮಗಳೇ, ಆಡಳಿತ ಮಂಡಳಿಯ ಹಿರಿಯರೇ, ಗಾಜಿನ ಕುಲುಮೆಯಿಂದ ಹಿಡಿದು ಪ್ಯಾಕಿಂಗ್‌ವರೆಗೆ ಎಲ್ಲ ಕಡೆಯಿಂದ ಬಂದು ಈ ಕ್ಯಾಂಟೀನ್ ಹಾಲ್‌ನಲ್ಲಿ ಸೇರಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ — ಎಲ್ಲರಿಗೂ ನಮಸ್ಕಾರ.

ನನ್ನನ್ನು ನೀವೆಲ್ಲ ಬಲ್ಲಿರಿ. ಹದಿನೇಳು ವರ್ಷ ನಮ್ಮ ಮ್ಯಾನೇಜಿಂಗ್ ಡೈರೆಕ್ಟರ್ ಮೇಡಂ ಅವರ ಕೋಣೆಯ ಹೊರಗಿನ ಮೇಜಿನ ಮುಂದೆ ಕೂತವನು. ಮೇಡಂ ಎಷ್ಟು ಹೊತ್ತಿಗೆ ಯಾರನ್ನು ನೋಡಬೇಕು, ಎಲ್ಲಿಗೆ ಹೋಗಬೇಕು ಎಂದು ಡೈರಿಯಲ್ಲಿ ಬರೆದಿಡುವುದು ನನ್ನ ಕೆಲಸ. ಅದಕ್ಕೇ ನನಗೆ ‘ಪಂಚಾಂಗ’ ಎಂದು ಹೆಸರಿಟ್ಟಿದ್ದರು. “ಏನ್ರೀ ಪಂಚಾಂಗ, ಇವತ್ತು ನನ್ನ ಹಣೇಲಿ ಏನ್ ಬರ್ದಿದೀರಿ?” — ದಿನಾ ಇದೇ ಮೊದಲ ಮಾತು.

ಅವರ ದಿನ ಹೇಗಿತ್ತು, ಹೇಳುತ್ತೇನೆ. ಬೆಳಿಗ್ಗೆ ಏಳು ನಲವತ್ತಕ್ಕೆ ಕಾರು ಒಳಗೆ. ಆದರೆ ಆಫೀಸಿಗಲ್ಲ, ನೆಟ್ಟಗೆ ಕುಲುಮೆಯ ಕಡೆಗೆ. ಆಗಷ್ಟೇ ತಣಿದ ಔಷಧಿ ಬಾಟಲಿಯೊಂದನ್ನು ಎತ್ತಿ, ಹೀಗೆ — ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ ನೋಡುತ್ತಿದ್ದರು. ಗಾಜಿನಲ್ಲಿ ಒಂದು ಗುಳ್ಳೆ ಕಂಡರೂ ಮುಖ ಸಣ್ಣದಾಗುತ್ತಿತ್ತು. ಎಂಟೂವರೆಗೆ ಪತ್ರಗಳು. ಹತ್ತಕ್ಕೆ ಮೀಟಿಂಗ್ — ಕುರ್ಚಿಯೇ ಇಲ್ಲದ ಕೋಣೆಯಲ್ಲಿ. “ಕೂತ್ರೆ ಮಾತು ಬೇರು ಬಿಡುತ್ತೆ ಕಣ್ರೀ” ಎನ್ನುತ್ತಿದ್ದರು. ಒಂದು ಗಂಟೆಗೆ ಇದೇ ಹಾಲ್‌ನಲ್ಲಿ ಊಟ, ದಿನಕ್ಕೊಂದು ಮೇಜಿನಲ್ಲಿ. ಡಬ್ಬಿಯ ಮುಚ್ಚಳ ತೆಗೆದು, “ಇವತ್ತು ಮೇಷ್ಟ್ರ ಅಡುಗೆ. ಉಪ್ಪು ಕಮ್ಮಿ, ಹೊಗಳಿಕೆ ಜಾಸ್ತಿ ಹಾಕ್ಬೇಕು” ಎಂದು ಎಲ್ಲರಿಗೂ ಹಂಚುತ್ತಿದ್ದರು. — ನಗಿ, ನಗಿ. ನಕ್ಕರೆ ಅವರಿಗೇನೂ ಬೇಜಾರಿಲ್ಲ.

ನಾಲ್ಕು ಗಂಟೆಗೆ ದೂರಿನ ಫೋನ್. ದೂರು ಬರೆದವರಲ್ಲಿ ದಿನಕ್ಕೊಬ್ಬರಿಗೆ ತಾವೇ ಫೋನ್ ಮಾಡುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿಯ ಸರದಿ ಬಂತು. ಕೆಮ್ಮಿನ ಔಷಧಿಯ ಮುಚ್ಚಳ ತೆಗೆಯಲು ಬರುವುದಿಲ್ಲ, ಬೆರಳ ಗಂಟುಗಳಲ್ಲಿ ನೋವು ಎಂಬುದು ಅವರ ದೂರು. ಮೇಡಂ ನಲವತ್ತು ನಿಮಿಷ ಕೇಳಿದರು. ಹೊರಗೆ ದೊಡ್ಡ ದೊಡ್ಡವರು ಕಾಯುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದೆ. ಮರುದಿನದ ಮೀಟಿಂಗಿನಲ್ಲಿ ಎಲ್ಲ ಮ್ಯಾನೇಜರುಗಳ ಕೈಗೂ ಕುಲುಮೆಯವರ ದಪ್ಪ ಗ್ಲೌಸ್ ಹಾಕಿಸಿ, “ಈಗ ಮುಚ್ಚಳ ತೆಗೀರಿ ನೋಡೋಣ” ಎಂದರು. ಯಾರಿಗೂ ಆಗಲಿಲ್ಲ. ಎರಡೇ ತಿಂಗಳಲ್ಲಿ ಮುಚ್ಚಳ ಬದಲಾಯಿತು. ಇಂದು ನಾವು ಮಾಡುವ ಅಗಲ ಅಂಚಿನ ಮುಚ್ಚಳ ಅದೇ.

ಯಾರ ಬೆರಳು ನೋಯುತ್ತದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಅವರಿಗೇ ನೋಯುತ್ತಿದೆ ಎಂದು — ನನಗೆ ಗೊತ್ತಾಗಲಿಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, “ಪಂಚಾಂಗ, ಬುಧವಾರ ಎರಡು ಗಂಟೆ ಬಿಡುವು ಮಾಡಿಡಿ, ಆಸ್ಪತ್ರೆಗೆ ಹೋಗ್ಬರ್ಬೇಕು” ಎಂದರು. “ಏನಾದ್ರೂ ತೊಂದ್ರೆನಾ ಮೇಡಂ?” ಎಂದೆ. “ಮೆಟ್ಲು ಹತ್ತಿದ್ರೆ ಏದುಸಿರು. ವಯಸ್ಸಾಯ್ತಲ್ಲ” ಎಂದು ನಕ್ಕರು. ನಾನೂ ನಕ್ಕೆ.

ಆ ಬುಧವಾರ ಕುಲುಮೆ ಕೆಟ್ಟಿತು. ಮುಂದಕ್ಕೆ ಹಾಕಿದೆವು. ಮುಂದಿನ ಬುಧವಾರ ಸರ್ಕಾರದ ತಪಾಸಣೆಯವರು ಬಂದರು. ಮತ್ತೆ ಮುಂದಕ್ಕೆ ಹಾಕಿದೆವು. ಈ ಎರಡು ಸಲ ಅವರನ್ನು ಕೇಳಿಯೇ ಹಾಕಿದ್ದೆ. ಮೂರನೆಯ ಸಲ — ಖರೀದಿದಾರರು ಬರುವ ದಿನ ಬುಧವಾರಕ್ಕೆ ಬದಲಾಯಿತು. ಆಗ ಕೇಳಲಿಲ್ಲ. ನಾನೇ ಡೈರಿಯಲ್ಲಿ ಹೊಡೆದುಹಾಕಿ, ನಾನೇ ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಕೇಳಿದಳು, “ಅರ್ಜೆಂಟ್ ಏನಿಲ್ಲ ತಾನೇ ಸರ್?”

“ಏನಿಲ್ಲಮ್ಮ” ಎಂದೆ.

ಏನಿಲ್ಲಮ್ಮ — ಎಂದೆ.

ನಾಲ್ಕನೆಯ ಬುಧವಾರಕ್ಕೆ ಒಂದು ದಿನ ಬಾಕಿ ಇತ್ತು. ಮಂಗಳವಾರ, ಹತ್ತೂಕಾಲು. ಮೀಟಿಂಗ್ ನಡೆಯುತ್ತಿತ್ತು. ಮೇಡಂ ಗೋಡೆಗೆ ಕೈ ಊರಿ ನನ್ನ ಕಡೆ ತಿರುಗಿದರು. “ಒಂದು ಕುರ್ಚಿ ತಂದ್ಕೊಡ್ತೀರಾ?” ಹದಿನೇಳು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕುರ್ಚಿ ಕೇಳಿರಲಿಲ್ಲ. ಓಡಿದೆ. ನನ್ನ ಕುರ್ಚಿಯನ್ನೇ ಎತ್ತಿಕೊಂಡು ಬಂದೆ. ಕೂತರು. “ಥ್ಯಾಂಕ್ಸ್ ಕಣ್ರೀ” ಎಂದರು. ಆಂಬುಲೆನ್ಸ್ ಹನ್ನೆರಡು ನಿಮಿಷಕ್ಕೆ ಬಂತು. ಅಷ್ಟರಲ್ಲಿ — ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಕ್ಷಮಿಸಿ. ಒಂದು ನಿಮಿಷ.

ಐದನೆಯ ದಿನ ಮೇಷ್ಟ್ರ ಮನೆಗೆ ಹೋದೆ. ನಿಮಗೆ ಈಗ ಹೇಳಿದ್ದನ್ನೆಲ್ಲ ಅವರಿಗೆ ಹೇಳಿದೆ. ಮೇಷ್ಟ್ರು ಕೊನೆಯವರೆಗೂ ಕೇಳಿದರು. ಆಮೇಲೆ, “ನನಗೆ ಆಸ್ಪತ್ರೆ ವಿಷ್ಯನೇ ಹೇಳಿರ್ಲಿಲ್ಲ ಅವಳು. ನಿಮಗಾದ್ರೂ ಹೇಳಿದ್ಲು” ಎಂದರು. ನಾನು ಅವರ ಕಾಲು ಹಿಡಿಯಲು ಬಗ್ಗಿದೆ. ತಡೆದರು. “ಪರವಾಗಿಲ್ಲ ಅನ್ನಿಸ್ಕೊಳ್ಳೋಕೆ ಬಂದಿದ್ರೆ, ಅದು ಇವತ್ತು ನನ್ನ ಕೈಲಾಗಲ್ಲ. ಸುಳ್ಳು ಹೇಳಲ್ಲ. ಆದ್ರೆ ನಾಳೆನೂ ಬನ್ನಿ. ಅವಳು ಆಫೀಸಲ್ಲಿ ಹೇಗಿದ್ಲು ಅಂತ ಹೇಳಿ. ಹಗಲೆಲ್ಲ ಅವಳು ನಿಮ್ಮ ಹತ್ರ ಇರ್ತಿದ್ಲು, ನನಗೆ ಗೊತ್ತಿಲ್ಲ.”

ಮರುದಿನ ಹೋದೆ. ಅದರ ಮರುದಿನವೂ ಹೋದೆ. ಬಾಟಲಿ ಬೆಳಕಿಗೆ ಹಿಡಿಯುತ್ತಿದ್ದುದು, ಗ್ಲೌಸ್, ಅಜ್ಜಿ, ಎಲ್ಲ ಹೇಳಿದೆ. ಅವರು ಕೇಳಿದರು. ಕೆಲವು ಸಲ ನಕ್ಕರು. ಪರವಾಗಿಲ್ಲ ಎಂದು ಮಾತ್ರ ಅನ್ನಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮೊನ್ನೆ ಮೇಷ್ಟ್ರ ಮಗಳು ಫೋನ್ ಮಾಡಿದರು. “ಅಂಕಲ್, ಸಭೇಲಿ ನೀವೇ ಮಾತಾಡ್ಬೇಕಂತೆ. ಬುಧವಾರದ್ದೂ ಹೇಳ್ಬೇಕಂತೆ, ಅಪ್ಪ ಹೇಳಿದ್ರು.” ಅದಕ್ಕಾಗಿಯೇ ಇಲ್ಲಿ ನಿಂತಿದ್ದೇನೆ. ಇಲ್ಲದಿದ್ದರೆ ನಿಮ್ಮೆದುರು ನಿಲ್ಲುವ ಮುಖ ನನಗಿರಲಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರೆ — ಹೋಗಿ. ಯಾರನ್ನೂ ಕೇಳಬೇಡಿ, ನನ್ನಂಥವರನ್ನಂತೂ ಕೇಳಲೇಬೇಡಿ. ಹೋಗಿ.

ಇನ್ನು ನನ್ನಿಂದ ಮಾತಾಡಲು ಆಗುವುದಿಲ್ಲ. ನಮ್ಮ ಮೇಡಂ ಅವರಿಗಾಗಿ ಎರಡು ನಿಮಿಷ ಎಲ್ಲರೂ ಎದ್ದು ಮೌನವಾಗಿ ನಿಲ್ಲೋಣ. ಯಂತ್ರಗಳನ್ನೂ ನಿಲ್ಲಿಸಿದ್ದಾರೆ.

ಮೇಷ್ಟ್ರೇ, ನೀವು ಕೂತೇ ಇರಿ. ಮಂಡಿ ನೋವಿದೆ, ನಾವು ನಿಲ್ತೇವೆ. — ಬೇಡ ಮೇಷ್ಟ್ರೇ, ಏಳಬೇಡಿ...

ಏನಂದ್ರಿ? ನನ್ನ ಕೈನಾ?

ಬಂದೆ ಮೇಷ್ಟ್ರೇ. ಹಿಡ್ಕೊಳ್ಳಿ.