ಅಣ್ಣ ಕೊಟ್ಟ ಹರ್ನಿಯಾ ಪಟ್ಟಿ

ಶಿರಸಿಯ ಡಾಕ್ಟರ ಬಾಗಿಲೆದುರು ಚೀಟಿ ಹಿಡಿದು ಕೂತಿದ್ದ ಮುಬೀನನಿಗೆ ಪಕ್ಕದ ಗಂಡಹೆಂಡತಿಯ ಪಿಸುಮಾತು ಬೇಡವೆಂದರೂ ಕೇಳುತ್ತಿತ್ತು. ಗಂಡ ಒಂದೇ ತೊಡೆಯ ಮೇಲೆ ಭಾರ ಹಾಕಿ ಕೂತಿದ್ದ.

"ಕೀವು ಬಪ್ಪುಲೆ ಶುರುವಾಗಿ ಮೂರು ದಿನ ಆತು. ಒಳಗೆ ಹೋಗಿ ಖರೇ ಹೇಳಿ," ಎಂದಳು ಹೆಂಡತಿ.

"ಹರ್ನಿಯಾ ಆಪರೇಷನ್ ಹೇಳ್ತೆ. ಊರಿಗೆಲ್ಲ ಅದನ್ನೇ ಹೇಳಿದ್ದು."

"ಹುಬ್ಬಳ್ಳಿಲಿ ಗಂಡಸುತನಕ್ಕೆ ಆಪರೇಷನ್ ಮಾಡಿ ಒಳಗೆ ಕಡ್ಡಿ ಕೂರಿಸಿದ್ದು ಹೇಳ್ದೇ ಇದ್ರೆ ಈ ಡಾಕ್ಟ್ರು ಎಂತ ಔಷಧ ಕೊಡ್ತ? ನಂಜು ಏರಿದ್ರೆ ಜೀವಕ್ಕೇ ಬತ್ತು."

"ಮೆಲ್ಲಗೆ ಮಾತಾಡೇ. ಕಂಪೌಂಡರ್ ಕಾನಸೂರಿನಂವ, ಅಣ್ಣಂಗೆ ಗುರ್ತು."

"ನಿಂಗಳ ಅಣ್ಣ ಕೊಟ್ಟ ಹರ್ನಿಯಾ ಪಟ್ಟಿ ಸೊಂಟಕ್ಕೆ ಬಿಗಿದು ಕಟ್ಟಿದ್ದಕ್ಕೇ ಹೊಲಿಗೆ ಬಿಚ್ಚಿದ್ದು."

"ಕಟ್ಟದೇ ಇದ್ರೆ ಅವಂಗೆ ಅನುಮಾನ ಬತ್ತಿತ್ತು. ಪರೀಕ್ಷೆ ಮಾಡುಲೇ ಕೊಟ್ಟಿದ್ದ. ನೀನೇ ಅವಂಗೆ ಗುಟ್ಟು ಹೇಳಿಕ್ಕು ಕಾಣ್ತು."

"ಆನು ಹೇಳಿದ್ರೆ ಅವ ಪಟ್ಟಿ ಎಂತಕ್ಕೆ ಕೊಡ್ತಿದ್ದ?"

ಗಂಡ ಹೆಂಡತಿಯ ಮುಖವನ್ನೇ ಓರೆಗಣ್ಣಿನಿಂದ ನೋಡಿದ.

ಕಂಪೌಂಡರ್ ಬಂದು ಅವರ ಹೆಸರು ಕೂಗಿದ. "ಎಂತ ತೊಂದರೆ?"

"ಅದನ್ನ ಡಾಕ್ಟರಿಗೆ ಹೇಳ್ತ್ಯ. ನೀ ಹೊರಗಿರು," ಎಂದು ಹೆಂಡತಿ ಗಂಡನ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಚಿಲಕ ಹಾಕಿಕೊಂಡಳು.

ಕಂಪೌಂಡರ್ ಮುಬೀನನ ಪಕ್ಕ ಬಂದು ಬಗ್ಗಿದ. "ಅವರಿಗೆ ಏನಾಗಿದ್ಯಂತೆ?"

"ಹರ್ನಿಯಾ ಅಂತೆ," ಎಂದ ಮುಬೀನ.